ಅಳಿಸಿದ ಪುಟದಲ್ಲಿ ನಿಮ್ಮ ಎರಡು ತಿದ್ದುಪಡಿ

ಮಾನ್ಯ ರುದ್ರಮುನಿ ಸರ್ ಅವರಿಗೆ,

ಚಂದ್ರಾ ಲೇಔಟಿನಿಂದ ಮಾಲವಿಕಾ ಮಾಡುವ ನಮಸ್ಕಾರ. ನೀವು ಹೋಗಿ ಏಳು ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಬರೆಯುತ್ತಿರುವುದಕ್ಕೆ ಕಾರಣ, ನಿಮ್ಮ ಹೆಸರು ನನ್ನನ್ನು ಬಿಡುತ್ತಿಲ್ಲ. ನಮ್ಮ ಅಂತರ್ಜಾಲದ ವಿಶ್ವಕೋಶದಲ್ಲಿ ಯಾವ ಪುಟದ ಇತಿಹಾಸ, ಅಂದರೆ ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿ, ತೆರೆದರೂ ಅಲ್ಲಿ ನೀವು ಕೂತಿರುತ್ತೀರಿ. ಕೆರೆಗಳ ಪುಟದಲ್ಲಿ, ನವಣೆ ಸಾಮೆಗಳ ಪುಟದಲ್ಲಿ, ನಾನು ಹೆಸರೇ ಕೇಳದ ಊರುಗಳ ಪುಟದಲ್ಲಿ. ‘ಕಾಗುಣಿತ ತಿದ್ದಿದೆ’ ಎಂಬ ಒಂದೇ ಸಾಲು, ಪಕ್ಕದಲ್ಲಿ ದಿನಾಂಕ. ಮೊನ್ನೆ ಎಂಟನೇ ತರಗತಿಯ ಪಾಠಕ್ಕೆಂದು ವೃಷಭಾವತಿ ನದಿಯ ಪುಟ ತೆರೆದೆ. ಅಲ್ಲೂ ನೀವೇ.

ನೀವು ಬಾಪೂಜಿ ನಗರದ ಮುದ್ರಣಾಲಯದಲ್ಲಿ ಕರಡು ತಿದ್ದುವವರು, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹನ್ನೊಂದು ವರ್ಷ ಒಟ್ಟಿಗೆ ಈ ಸಂಬಳವಿಲ್ಲದ ಕೆಲಸ ಮಾಡಿದೆವು. ಭಾನುವಾರ ಬೆಳಿಗ್ಗೆ ವಿಜಯನಗರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಒತ್ತಕ್ಷರಕ್ಕೆ ಜಗಳವಾಡಿದೆವು. ನನ್ನನ್ನು ನಿರ್ವಾಹಕಿಯಾಗಿ ಆರಿಸಿದಾಗ ಮೊದಲು ಕೈ ಎತ್ತಿದವರು ನೀವು. ಪುಟಗಳನ್ನು ಉಳಿಸುವ, ಅಳಿಸುವ ಅಧಿಕಾರ ನನ್ನ ಕೈಗೆ ಬಂದಿದ್ದು ಹಾಗೆ.

ಆ ಒಂಬತ್ತು ಸೆಕೆಂಡಿನ ವಿಡಿಯೊ ಬಂದದ್ದು ಮೂರು ವರ್ಷದ ಹಿಂದೆ. ಬಸವೇಶ್ವರನಗರದಲ್ಲಿ ಒಂದು ವಾಚನಾಲಯದ ಉದ್ಘಾಟನೆ. ವಯಸ್ಸಾದ ಹೆಂಗಸೊಬ್ಬರು ಪ್ರಾರ್ಥನೆ ಹಾಡುತ್ತಿದ್ದಾರೆ. ಮುಂದಿನ ಸಮಾರಂಭಕ್ಕೆ ತಡವಾಗಿದ್ದ ಮಂತ್ರಿ ಎದ್ದು ಬಂದು ಮೈಕನ್ನು ಅವರ ಬಾಯಿಂದ ಪಕ್ಕಕ್ಕೆ ತಿರುಗಿಸುತ್ತಾನೆ. “ಸಾಕ್ ಬಿಡಮ್ಮಾ, ದೇವ್ರಿಗೆ ಕೇಳಿಸ್ತು” ಅನ್ನುತ್ತಾನೆ. ಸಭೆಯೆಲ್ಲ ನಗುತ್ತದೆ. ಮುಖದ ಮೇಲೆ ಮೈಕಿನ ನೆರಳು ಬಿದ್ದು ಆಕೆ ಯಾರೆಂದು ತಿಳಿಯುವುದಿಲ್ಲ. ಅರ್ಧಕ್ಕೆ ನಿಂತ ದನಿ ಮಾತ್ರ ಕೇಳುತ್ತದೆ. ಒಂದೇ ವಾರದಲ್ಲಿ ಆ ಮಾತು ಆಟೋಗಳ ಬೆನ್ನ ಮೇಲೆ ಬಂತು, ಜಾಹೀರಾತಿಗೆ ಬಂತು, ಟೀವಿಯ ಸಂಜೆ ಚರ್ಚೆಗೂ ಬಂತು.

ನಮ್ಮ ಬಳಗದಲ್ಲಿ ಕಾನೂನು ಓದುತ್ತಿದ್ದ ಕಶ್ಯಪ್ ಅದರ ಮೇಲೆ ಒಂದು ಪುಟ ಬರೆದ. ಇಂಥ ಪುಟ ವಿಶ್ವಕೋಶದಲ್ಲಿ ಇರಬೇಕೇ ಎಂದು ಚರ್ಚೆ ಎದ್ದಿತು. “ಇದು ಇತಿಹಾಸವಾ, ಹರಟೆಯಾ?” ಅಂದರು ಕೆಲವರು. “ಮಂತ್ರಿಗಳು ಜನರನ್ನ ಹೇಗೆ ನಡೆಸ್ಕೋತಾರೆ ಅನ್ನೋದಕ್ಕೆ ದಾಖಲೆ ಬೇಡ್ವಾ?” ಅಂದ ಕಶ್ಯಪ್. ಐದು ದಿನ ಎರಡೂ ಕಡೆ ಸಮ ಸಮ. ಆರನೆಯ ದಿನ ನೀವು ಬಂದು ಒಂದೇ ಸಾಲು ಬರೆದಿರಿ: ‘ಈ ವಿಷಯದೊಂದಿಗೆ ನನಗೆ ಹತ್ತಿರದ ನಂಟಿದೆ. ಆದ್ದರಿಂದ ಅಭಿಪ್ರಾಯ ಹೇಳುವುದಿಲ್ಲ.’ ನಿಮ್ಮ ಮುದ್ರಣಾಲಯ ಆ ಮಂತ್ರಿಯ ಪಕ್ಷದ ಕರಪತ್ರ ಅಚ್ಚು ಹಾಕುತ್ತಿರಬಹುದು ಎಂದುಕೊಂಡೆ.

ಆ ಸಂಜೆ ನೀವು ಫೋನ್ ಮಾಡಿದಿರಿ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. “ಮೇಡಂ, ಆ ಪುಟದ ವಿಷಯ, ಒಂದು ಮಾತು ಹೇಳೋದಿತ್ತು” ಅಂದಿರಿ. “ಸರ್, ಹೇಳೋದಿದ್ರೆ ಚರ್ಚಾಪುಟದಲ್ಲೇ ಹೇಳಿ. ಹೀಗೆ ಫೋನಲ್ಲಿ ಬೇಡ. ನಿಯಮ ಕಲಿಸಿದೋರು ನೀವೇ ಅಲ್ವಾ?” ಅಂದೆ, ನಗುತ್ತಲೇ. “ಹೌದು, ಸರಿ ಮೇಡಂ” ಅಂದಿರಿ. ಪತ್ರಿಕೆಗಳು ಬರೆದ ವಿಷಯಕ್ಕೆ ಪುಟ ಇರಬಹುದೆಂಬ ನಿಯಮದಂತೆ ಮರುದಿನ ಹನ್ನೆರಡು ಪತ್ರಿಕಾ ವರದಿಗಳನ್ನು ಎಣಿಸಿ, ಪುಟವನ್ನು ಉಳಿಸುವುದೆಂದು ತೀರ್ಮಾನ ಬರೆದೆ. ಬಹಳ ಅಚ್ಚುಕಟ್ಟಾದ ತೀರ್ಮಾನ. ಈಗಲೂ ಅದರಲ್ಲಿ ಒಂದು ತಪ್ಪೂ ಸಿಗುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಅದೇ ತಿಂಗಳು ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಉತ್ತರವನ್ನು ಉದ್ದಕ್ಕೆ ಓದುತ್ತಿದ್ದಳು. “ಸಾಕ್ ಬಿಡಮ್ಮಾ, ದೇವ್ರಿಗೆ ಕೇಳಿಸ್ತು” ಅಂದುಬಿಟ್ಟೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಕೂತಳು. ಆ ವರ್ಷ ಮುಗಿಯುವವರೆಗೆ ಆ ಹುಡುಗಿ ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಂತು ಓದಲಿಲ್ಲ.

ಆಮೇಲೆ ನೀವು ಭಾನುವಾರಗಳಿಗೆ ಬರುವುದು ಕಡಿಮೆಯಾಯಿತು. “ಅಮ್ಮ ಒಬ್ರೇ ಇರ್ತಾರೆ” ಅನ್ನುತ್ತಿದ್ದಿರಿ. ನಾನು ಏನಾಯಿತೆಂದು ಕೇಳಲಿಲ್ಲ. ಕಳೆದ ಆಷಾಢದ ಒಂದು ಬೆಳಿಗ್ಗೆ ಕಶ್ಯಪ್ ಫೋನ್ ಮಾಡಿ, ನಿಮ್ಮ ಹೃದಯ ನಿಂತಿತೆಂದು ಹೇಳಿದ. ನಲವತ್ತೇಳು ವಯಸ್ಸು.

ನಿಮ್ಮ ಶಿವಗಣಾರಾಧನೆಗೆಂದು ದೀಪಾಂಜಲಿ ನಗರದ ಮನೆಗೆ ಮೊದಲ ಸಲ ಬಂದೆ. ಬಾಗಿಲು ತೆರೆದವರು ನಿಮ್ಮ ಅಮ್ಮ. “ನೀನೇನಾ ಮಾಲವಿಕಾ? ಬಾಮ್ಮಾ, ಒಳಗೆ ಬಾ” ಅಂದರು.

ಸರ್, ಆ ದನಿಯನ್ನು ನಾನು ನೂರಾರು ಸಲ ಕೇಳಿದ್ದೆ. ತೀರ್ಮಾನ ಬರೆಯುವ ಮೊದಲು ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿ ನೋಡಿದ್ದವಳು ನಾನು. ಒಳಗೆ ವಿಭೂತಿ ಹಚ್ಚಿದ ನಿಮ್ಮ ಪಟ, ಅದರ ಕೆಳಗೆ ಬಂದವರ ಗದ್ದಲ. ನನ್ನ ಕಿವಿಯಲ್ಲಿ ಮಾತ್ರ ಆ ಸಭೆಯ ನಗು.

ಎಲ್ಲರೂ ಹೋದ ಮೇಲೆ ನಿಮ್ಮ ಅಮ್ಮ ಗಿರಿಜಾದೇವಿಯವರು ತಾವಾಗಿಯೇ ಮಾತೆತ್ತಿದರು. ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿದವರು. “ಭಜನೆಗೆ ಹೋದ್ರೆ ಹೆಂಗಸ್ರೇ ಸೆರಗಲ್ಲಿ ನಗ್ತಿದ್ರು ಕಣಮ್ಮಾ. ಹೋಗೋದೇ ಬಿಟ್ಟೆ. ಆ ಪುಟ ತೆಗ್ಸೋ ಅಂತ ಇವನಿಗೆ ಒಂದ್ಸಲ ಅಂದೆ. ‘ನಮ್ಮನೆ ವಿಷಯಕ್ಕೆ ನಾನು ಬಾಯಿ ಹಾಕ್ಬಾರ್ದಮ್ಮಾ, ಮಾಲವಿಕಾ ಮೇಡಂ ನ್ಯಾಯ ನೋಡ್ತಾರೆ’ ಅಂದ.”

ಅವರು ಅದನ್ನು ದೂರಾಗಿ ಹೇಳಲಿಲ್ಲ. ದೂರಿದ್ದರೆ ನನಗೆ ಕಾಲಿಗೆ ಬೀಳಲಾದರೂ ಆಗುತ್ತಿತ್ತು.

ಮನೆಗೆ ಬಂದು ಆ ಪುಟದ ಇತಿಹಾಸ ತೆರೆದೆ. ಅಲ್ಲಿ ನಿಮ್ಮ ಎರಡು ತಿದ್ದುಪಡಿಗಳಿದ್ದವು. ‘ಮುದುಕಿಯೊಬ್ಬಳು’ ಎಂದಿದ್ದನ್ನು ‘ಹಿರಿಯ ಗಾಯಕಿಯೊಬ್ಬರು’ ಎಂದು ಮಾಡಿದ್ದಿರಿ. ಕಶ್ಯಪ್ ಅವಸರದಲ್ಲಿ ಬರೆದ ‘ಪ್ರಾರ್ತನೆ’ಯನ್ನು ‘ಪ್ರಾರ್ಥನೆ’ ಎಂದು ತಿದ್ದಿದ್ದಿರಿ. ಹೆತ್ತ ತಾಯಿಯ ಅವಮಾನ ಬರೆದ ಸಾಲಿನಲ್ಲೂ ನಿಮಗೆ ಮಹಾಪ್ರಾಣ ತಪ್ಪಿದ್ದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಆ ಎರಡು ಸಾಲು ಅಂದಿನಿಂದ ನನ್ನ ಹಿಂದೆ ಬಿದ್ದಿವೆ. ಶಾಲೆಯ ಕರಿಹಲಗೆಯ ಮೇಲೆ ‘ಪ್ರಾರ್ಥನೆ’ ಎಂದು ಬರೆಯುವಾಗ ಕೈ ತಡೆಯುತ್ತದೆ.

ಚರ್ಚೆಯನ್ನು ಮತ್ತೆ ತೆರೆಸಿದೆ. ನನಗೆ ನಂಟಿದೆ ಎಂದು ಮೊದಲೇ ತಿಳಿಸಿ, ತೀರ್ಮಾನವನ್ನು ಬೇರೊಬ್ಬ ನಿರ್ವಾಹಕಿ ರಾಗಿಣಿಗೆ ಬಿಟ್ಟೆ. ಕಶ್ಯಪ್ ಮನೆಗೇ ಬಂದ. ಈಗ ವಕೀಲ. “ಮೇಡಂ, ಇದನ್ನ ಅಳಿಸಿದ್ರೆ ಲಾಭ ಯಾರಿಗೆ ಹೇಳಿ? ಆ ಮನುಷ್ಯನಿಗೆ. ಅವನು ಮಾಡಿದ್ದಕ್ಕೆ ಸಾಕ್ಷಿನೇ ಇರಲ್ಲ” ಅಂದ. ಅವನ ಮಾತು ಸುಳ್ಳಲ್ಲ. “ಆಕೆ ತಪ್ಪೇನೋ? ಹಾಡಿದ್ದಷ್ಟೇ” ಅಂದೆ. ಆಮೇಲೆ ಆಕೆ ನಿಮ್ಮ ಅಮ್ಮನೆಂದು ಹೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟ. “ಸರ್ ನಂಗೆ ಒಂದಿನಾನೂ ಹೇಳ್ಲಿಲ್ವಲ್ಲ” ಅಂದ. ಆದರೂ ಅವನು ಉಳಿಸಿ ಎಂದೇ ಮತ ಹಾಕಿದ. ನನಗೆ ಸಿಟ್ಟು ಬರಲಿಲ್ಲ. ನೀವಿದ್ದಿದ್ದರೆ ಅವನ ಪ್ರಾಮಾಣಿಕತೆಯನ್ನು ಮೆಚ್ಚುತ್ತಿದ್ದಿರೋ ಏನೋ.

ಉಳಿಸಲು ನಾಲ್ಕು, ಅಳಿಸಲು ಏಳು ಮತ. ಪುಟ ಅಳಿಸಲಾಯಿತು. ಮಂತ್ರಿಯ ಕಡೆಯವರು ಎಲ್ಲೋ ಸಂತೋಷಪಟ್ಟಿರುತ್ತಾರೆ, ಅದೂ ನನಗೆ ಚುಚ್ಚುತ್ತದೆ. ಇನ್ನೊಂದು ವಿಚಾರ ನನಗೆ ತಡವಾಗಿ ಹೊಳೆಯಿತು. ಪುಟದ ಜೊತೆ ಅದರ ಇತಿಹಾಸವೂ ಹೋಗುತ್ತದೆ. ನಿಮ್ಮ ಆ ಎರಡು ತಿದ್ದುಪಡಿಗಳು ಈಗ ಓದುಗರಿಗೆ ಕಾಣುವುದಿಲ್ಲ, ನಮ್ಮಂಥ ನಾಲ್ಕಾರು ನಿರ್ವಾಹಕರಿಗೆ ಮಾತ್ರ ಕಾಣುತ್ತವೆ. ಅಲ್ಲಿಗೆ ಹೋಗಿ ನೋಡುವವಳು ನಾನೊಬ್ಬಳೇ. ಹೋಗಬಾರದು ಎಂದುಕೊಂಡೇ ಹೋಗುತ್ತೇನೆ.

ಅಮ್ಮನಿಗೆ ಹೇಳಲು ಹೋದೆ. “ಅಳಿಸಿದ್ರೆ ಜನ ಮರೀತಾರೇನಮ್ಮಾ?” ಅಂದರು. ಇಲ್ಲ ಅಂದೆ. ತಲೆಯಾಡಿಸಿದರು. ಆಮೇಲೆ, “ಇವನ್ದೂ ಒಂದು ಪುಟ ಇದ್ಯಲ್ಲಾ, ತೋರ್ಸು” ಅಂದರು.

ಇಲ್ಲ ಸರ್. ನಿಮ್ಮ ಬಗ್ಗೆ ಯಾವ ಪತ್ರಿಕೆಯೂ ಬರೆದಿಲ್ಲ. ನಮ್ಮ ನಿಯಮದಲ್ಲಿ ನೀವು ಪುಟಕ್ಕೆ ಸಲ್ಲುವವರಲ್ಲ. ಅದನ್ನು ಆ ತಾಯಿಗೆ ಹೇಗೆ ಹೇಳಿದೆನೋ ನೆನಪಿಲ್ಲ. “ಮತ್ತೆ ಇಷ್ಟ್ ವರ್ಷ ಏನ್ ಬರೀತಿದ್ದ?” ಅಂತ ಕೇಳಿದರು.

ನಿಮ್ಮ ಕೆಲಸದ ಪಟ್ಟಿ ತೆರೆದು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡರು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಜೋರಾಗಿ ಓದತೊಡಗಿದರು. ಹೊನ್ನೆ ಮರ. ಮಡಿವಾಳ ಹಕ್ಕಿ. ಹಗೇವು. ಏತ. ಗೊತ್ತಿಲ್ಲದ ಕಡೆ ನಿಲ್ಲಿಸಿ, “ಇದೇನು?” ಅನ್ನುತ್ತಿದ್ದರು. ಪುಟ ತೆರೆದು ನೀವು ಬರೆದದ್ದನ್ನು ಓದಿ ಹೇಳುತ್ತಿದ್ದೆ. ಸೊಪ್ಪಿನವಳು ಬಾಗಿಲಿಗೆ ಬಂದು ಕೂಗಿ ಹೋದಳು, ಅವರು ಏಳಲಿಲ್ಲ. ಆ ಮಧ್ಯಾಹ್ನ ಮುಗಿಯುವಾಗ ಎರಡು ತಿಂಗಳ ಕೆಲಸವಷ್ಟೇ ಓದಿ ಆಗಿತ್ತು. ಇನ್ನೂ ಹತ್ತು ವರ್ಷಕ್ಕೂ ಹೆಚ್ಚಿನದಿದೆ ಅಂದೆ.

“ಹಂಗಾದ್ರೆ ಶನಿವಾರ ಬಾ. ಊಟಕ್ಕೇ ಬಾ” ಅಂದರು.

ಹೋಗುತ್ತಿದ್ದೇನೆ. ನಾಳೆ ಮತ್ತೆ ಶನಿವಾರ. ನೀವು ಎಲ್ಲೇ ಇದ್ದರೂ ಶಿವನ ನೆರಳಲ್ಲಿ ತಣ್ಣಗಿರಿ. ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ “ನಿಯಮದಂತೆ ಸರಿಯಾಗಿಯೇ ಇತ್ತು ಮೇಡಂ” ಎಂದುಬಿಡುತ್ತೀರಿ. ಅದನ್ನು ನಾನು ತಾಳಲಾರೆ.

ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಳ್ಳದ,
ಮಾಲವಿಕಾ