ಒಲೆಯಲ್ಲೂ ಉರಿಯದ ಕಲ್ಲು

ಶಹಾಪುರ ತಾಲ್ಲೂಕು
೧೯-೧-೨೦೨೫

ಮಗಳು ಮೌನೇಶ್ವರಿಗೆ ನಿನ್ನ ಅವ್ವನ ಆಶೀರ್ವಾದ.

ನಾವು ಆರಾಮ ಇದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೇ ನನ್ನ ಚಿಂತೆ. ರಾಮಸಮುದ್ರದ ಸಾಲಿಯಲ್ಲಿ ಮಕ್ಕಳ ಮೇಲೆ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಕಾಗದ ತಡವಾಯಿತೆಂದು ಸಿಟ್ಟಾಗಬೇಡ, ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ಕೈ ಇದು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾನೆ.

ನಮ್ಮ ಹೊಲ ಉಳಿಯಿತು ಮಗಳೇ, ಊರೂ ಉಳಿಯಿತು! ನೆಲದೊಳಗೆ ಎಣ್ಣೆ, ಗ್ಯಾಸು ಹುಡುಕಲು ಬಂದಿದ್ದ ಯಂತ್ರ ನಿನ್ನೆ ಗಂಟುಮೂಟೆ ಕಟ್ಟಿತು.

ಮೊದಲು ಅವರು ತೂತು ಕೊರೆಯುವ ಗುರುತಿಗೆಂದು ನಮ್ಮ ಹೊಲದ ಬೇವಿನ ಬುಡದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಬೆಳಗಾಗುವುದರಲ್ಲಿ ಅದಕ್ಕೆ ಅರಿಶಿನ ಕುಂಕುಮ! ಓಣಿಯ ಹೆಂಗಸರು ಹೊಸ ದೇವರೆಂದು ಕಾಯಿ ಒಡೆದರು. ಯಂತ್ರದ ಹುಡುಗರೂ ಕೈಮುಗಿದು, ದೇವರ ಮೇಲೆ ಯಂತ್ರ ಇಡುವುದಿಲ್ಲ ಎಂದುಬಿಟ್ಟರು. ಅವರ ಮೇಡಂ ಉಮೆಸಲ್ಮಾ, ಸುರಪುರದ ಹುಡುಗಿ, ನಕ್ಕು ಜಾಗವನ್ನು ಬದುವಿನಾಚೆ ಸರಿಸಿದಳು.

ಯಂತ್ರ ಗುಡುಗಿದಾಗಲೆಲ್ಲ ಗಮನ ಅತ್ತ ಹೋಗಿ ನನ್ನ ರೊಟ್ಟಿ ಸೀಯುತ್ತಿತ್ತು. ಕೋಲಿನಂತೆ ದುಂಡಗೆ ಕಲ್ಲು ತೆಗೆದು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಮೊದಲು ನಮ್ಮ ಅಂಗಳಕ್ಕೆ ಹಾಸಿದ ಪರಸಿಯಂಥ ಬೂದು ಸುಣ್ಣಗಲ್ಲು, ಕೆಳಗೆ ಕೆಂಪು, ಹಸಿರು ಪದರ. ಆಮೇಲೆ ಕರ್ರಗಿನದು ಬಂತು ನೋಡು. ಇದ್ದಲು ಸಿಕ್ಕಿತು, ಇನ್ನು ಗಣಿ ಅಗೆದು ನಮ್ಮನ್ನು ಎಬ್ಬಿಸುತ್ತಾರೆ ಎಂದು ಮನೆಮನೆಯಲ್ಲೂ ಅದೇ ಮಾತು. ನಿಮ್ಮಪ್ಪ ಒಂದು ಚೂರು ತಂದು ಒಲೆಗೆ ಹಾಕಿ ಊದೇ ಊದಿದ. ಮೀಸೆಗೆಲ್ಲ ಬೂದಿ ಹತ್ತಿತೇ ಹೊರತು ಕಲ್ಲು ಹೊತ್ತಲಿಲ್ಲ. "ನಿನ್ನಂಗ ಲಗು ಹೊತ್ತಂಗಿಲ್ಲ ಬಿಡು ಇದು" ಎಂದು ನನಗೇ ಚೇಷ್ಟೆ.

ಮೇಡಂ ತಿಳಿಸಿ ಹೇಳಿದಳು: "ಯವ್ವಾ, ಈ ಕಲ್ಲು ಸಮುದ್ರದ ತಳದಾಗ ಕೆಸರಾಗಿದ್ದಾಗ ನೆಲದ ಮ್ಯಾಲ ಒಂದು ಗಿಡಾನೂ ಹುಟ್ಟಿದ್ದಿಲ್ರಿ. ಗಿಡಾನೇ ಇಲ್ಲಂದ್ರ ಇದ್ದಲಿ ಎಲ್ಲಿಂದ ಬರಬೇಕು?" ಎಣ್ಣೆ, ಗ್ಯಾಸೂ ತೆಗೆಯುವಷ್ಟು ಇಲ್ಲವಂತೆ. ಕಡೆಗೆ ಎಲ್ಲ ಪದರದ ಕೆಳಗಿನ ಗಟ್ಟಿ ಬಂಡೆ ತಗುಲಿ ಕೆಲಸ ಮುಗಿಯಿತು. ಓಣಿಗೆಲ್ಲ ಗೋಧಿ ಹುಗ್ಗಿ ಹಂಚಿದೆ. ಮೇಡಂ ಎರಡು ಸಲ ನೀಡಿಸಿಕೊಂಡು ಉಂಡಳು.

ತಣ್ಣಗಿರು ಮಗಳೇ, ನಿನ್ನ ಮನೆ ತುಂಬಿರಲಿ.

ನಿನ್ನ ಅವ್ವ
ಮರಿಲಿಂಗಮ್ಮ

ತಾ.ಕ.: ಆ ಕಲ್ಲಿಗೆ ಮೊದಲು ಅರಿಶಿನ ಹಚ್ಚಿದವಳು ನಾನೇ. ನಿನಗಿಂತ ಮೊದಲು ಒಬ್ಬ ಮಗ ಹುಟ್ಟಿದ್ದ. ಮೊಲೆಗೆ ಬಾಯಿ ಹಚ್ಚದೆಯೇ ಹೋದ. ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ಆ ಮಾತು ತೆಗೆದರೆ ನಿಮ್ಮಪ್ಪ ಊಟ ಬಿಡುತ್ತಾನೆ, ಅದಕ್ಕೇ ಅವನಿಗೂ ಹೇಳದೆ ಹಚ್ಚಿ ಬಂದೆ. ಈಗ ಓಣಿಯವರೆಲ್ಲ ಅಲ್ಲಿ ಕಾಯಿ ಒಡೆಯುತ್ತಾರೆ. ನಿಮ್ಮಪ್ಪ ಮಾತ್ರ ಬಟ್ಟಲಲ್ಲಿ ಹಾಲು ಇಟ್ಟು ಬರುತ್ತಾನೆ.