ಟ್ರ್ಯಾಕ್ಟರ್ ಸೀಟಿನಿಂದ ಎಸೆದ ಗುಂಡು

ನನ್ನ ಕುರ್ಚಿ ಕಟ್ಟಿಕೊಟ್ಟ ವೀರೇಶಣ್ಣನಿಗೆ,

ಸಿರುಗುಪ್ಪದಿಂದ, ನೀನು ತಂಗಿ ಎಂದು ಕರೆಯುತ್ತಿದ್ದ ಹುಲಿಗೆಮ್ಮ. ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕುರುಗೋಡಿನ ನಿನ್ನ ವೆಲ್ಡಿಂಗ್ ಅಂಗಡಿಗೆ ನಾನು ಮೊದಲು ಬಂದ ದಿನ ನೀನು ಗುಜರಿ ಟ್ರ್ಯಾಕ್ಟರಿನ ಸೀಟು ಬಿಚ್ಚುತ್ತಿದ್ದೆ. ಗುಂಡು ಎಸೆತದ ಪಂದ್ಯದಲ್ಲಿ ನನ್ನಂಥ ಪೋಲಿಯೋ ಕಾಲಿನವರು ಕೂತೇ ಎಸೆಯುತ್ತಾರೆ, ಅದಕ್ಕೆ ನೆಲಕ್ಕೆ ಬಿಗಿಯುವ ಎತ್ತರದ ಕುರ್ಚಿ ಬೇಕು ಎಂದು ನಾನು ಹೇಳಿದೆ. ನೀನು ನನ್ನ ಫೋನಿನಲ್ಲಿದ್ದ ಚಿತ್ರ ನೋಡಿದೆ, ಅದೇ ಸೀಟಿಗೆ ನಾಲ್ಕು ಕಬ್ಬಿಣದ ಕಾಲು ಹಚ್ಚಿದೆ, ಹಿಡಿದುಕೊಳ್ಳಲು ಒಂದು ಪೈಪು ನಿಲ್ಲಿಸಿದೆ. "ಕುರ್ಚಿ ಎಸಿತೈತೇನ್ ತಂಗಿ? ಎಸಿಯಾದು ನಿನ್ ತೋಳು" ಅಂದೆ. ಆ ಮಾತು ನಂಬಿ ನಾನು ಎಂಟು ವರ್ಷ ಅದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಳ್ಳಾರಿ ಮೈದಾನಕ್ಕೆ ಓಡಾಡಿದೆ.

ಹೊರದೇಶದ ಪಂದ್ಯಕ್ಕೆ ಕರೆ ಬಂದಾಗ ನೀನು ತೀರಿಹೋಗಿ ಏಳು ತಿಂಗಳಾಗಿತ್ತು. ಅಲ್ಲಿ ಟೇಪು ಹಿಡಿದವರು ಸೀಟಿನ ಮೇಲಿನ ದಿಂಬನ್ನೂ ಸೇರಿಸಿ ಎತ್ತರ ಅಳೆದರು. ನಾವಿಬ್ಬರು ಜಾಣರು ಬರೀ ಸೀಟಿನವರೆಗೆ ಅಳೆದಿದ್ದೆವಲ್ಲ! ನಿಯಮದ ಎತ್ತರಕ್ಕಿಂತ ಎರಡು ಬೆರಳು ಹೆಚ್ಚಾಯಿತು. ಅತ್ತಿಗೆ ಹತ್ತಿ ತುಂಬಿ ಹೊಲಿದಿದ್ದ ದಿಂಬನ್ನು ತೆಗೆದಿಟ್ಟು ಕಬ್ಬಿಣದ ಮೇಲೆ ಕೂತೆ. ಪ್ರತಿ ಎಸೆತಕ್ಕೂ ಸೊಂಟ ಜಾರುತ್ತಿತ್ತು.

ನನ್ನ ಪಕ್ಕದಲ್ಲಿ ಇಂಗ್ರಿಡ್ ಎಂಬವಳಿದ್ದಳು. ಅವಳ ಮೈಯ ಅಚ್ಚು ತೆಗೆದು ಮಾಡಿದ ಕುರ್ಚಿ, ಅದರ ನಟ್ಟು ಬಿಗಿಯಲಿಕ್ಕೇ ಒಬ್ಬ ಮನುಷ್ಯ. ಹೊಟ್ಟೆ ಉರಿಯಿತು ಅಣ್ಣ, ಸುಳ್ಳು ಯಾಕೆ ಹೇಳಲಿ? ಅವಳ ಕುರ್ಚಿಯ ಬೆಲ್ಟು ಕಿತ್ತು ಬರಲಿ, ಎಲ್ಲರೆದುರು ಅವಳು... ಬೇಡ, ಬಿಡು. ಅವಳಿಗೆ ಬೆಳ್ಳಿ ಬಂತು. ನಾನು ಒಂದು ಗೇಣಿನಲ್ಲಿ ಕಂಚು ಕಳೆದುಕೊಂಡು ನಾಲ್ಕನೆಯವಳಾದೆ.

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಹಾರ ಹಾಕಿದರು. ಹಿಂದಿನಿಂದ ಯಾರೋ, "ನಾಕನೇದಕ್ಕ ಏನ್ ಕೊಡ್ತಾರ?" ಅಂದರು. ತೋಳಿನಲ್ಲಿ ಅಷ್ಟೇ ಶಕ್ತಿ ಇತ್ತು ಎಂದು ನಕ್ಕೆ. ಅದು ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು.

ಯಾಕೆಂದರೆ ಪಂದ್ಯದ ಮರುದಿನ ಅಭ್ಯಾಸದ ಮೈದಾನದಲ್ಲಿ ಇಂಗ್ರಿಡ್ ನನ್ನನ್ನು ಕರೆದು, ತನ್ನ ಕುರ್ಚಿಯಲ್ಲಿ ಕೂರು ಎಂದು ಸನ್ನೆ ಮಾಡಿದ್ದಳು. ಅವಳಿಗೆ ಕೊಡುವಷ್ಟಿದೆ, ಕೊಡುತ್ತಾಳೆ ಎಂದು ಅದಕ್ಕೂ ಉರಿದುಕೊಂಡೆ. ಆದರೂ ಕೂತೆ. ಸೊಂಟ ಅಲ್ಲಾಡಲಿಲ್ಲ. ಎಸೆದೆ. ಅವಳೇ ಟೇಪು ಹಿಡಿದು ನೋಡಿ, ಮತ್ತೊಮ್ಮೆ ನೋಡಿದಳು. ಕಂಚಿನ ದೂರ ದಾಟಿತ್ತು. ಮೊದಲಾದರೆ ಅವಳ ತೋಳು ದೊಡ್ಡದು ಎಂದುಕೊಂಡು ಸಮಾಧಾನವಾದರೂ ಇತ್ತು. ಈಗ ಅದೂ ಹೋಯಿತು. ಈ ಎಂಟು ವರ್ಷ ಅದರಲ್ಲಿ ಕೂತಿದ್ದರೆ ನಾನು ಎಲ್ಲಿರುತ್ತಿದ್ದೆ, ಹೇಳು?

ಇಳಿಯಲಿಕ್ಕೆ ಅವಳು ಕೈ ಚಾಚಿದಳು. ನಾನು ಇಳಿಯಲಿಲ್ಲ. ಇನ್ನೊಂದು ಗುಂಡು ಕೊಡು ಎಂದೆ.

ಎರಡನೆಯದು ಅವಳ ಬೆಳ್ಳಿಗಿಂತ ಆಚೆ ಬಿತ್ತು ಅಣ್ಣ. ಅದನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆದುಕೊಳ್ಳಲಿಲ್ಲ. ಊರಲ್ಲಿ ನಾನೂ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ನಿನ್ನ ಕುರ್ಚಿಯನ್ನು ಬೈಯುತ್ತಾರೆ.