ಮಣೂಕದ ತಿಪ್ಪೆಯ ಜೀರುಂಡೆ

ಜುಲೈ 9, 2024, ಮಂಗಳವಾರ

ಬೆಳಿಗ್ಗೆಯಿಂದ ಮೈಕ್ರೋಸ್ಕೋಪಿನ ಮುಂದೆ. ಕುತ್ತಿಗೆ ಹಿಡಿದುಕೊಂಡಿದೆ. ಎರಡು ಊರಿನ ತಿಪ್ಪೆಯವು: ಕಳ್ಳಕವಟಗಿಯ ಗಂಡು ಜೀರುಂಡೆ ನಲವತ್ತೊಂದು, ನಿಡೋಣಿಯವು ಅರವತ್ತಮೂರು. ಕಳ್ಳಕವಟಗಿಯ ಎಲ್ಲಕ್ಕೂ ತಲೆಯ ಮೇಲೆ ಕೊಂಬು, ಹಿಂದಕ್ಕೆ ಬಾಗಿದ್ದು. ನಿಡೋಣಿಯ ಒಂದಕ್ಕೂ ಇಲ್ಲ — ಆ ಜಾಗದಲ್ಲಿ ಬರೀ ಸಣ್ಣ ಗುಬುಟು. ಒಂದೇ ಜಾತಿಯಲ್ಲಿ ಕೊಂಬು ದೊಡ್ಡದು-ಚಿಕ್ಕದು ಇರುತ್ತದೆ, ಗೊತ್ತು. ಆದರೆ ಇಲ್ಲಿ ಎಲ್ಲ, ಅಲ್ಲಿ ಸೊನ್ನೆ? ನಡುವಿನದು ಒಂದೂ ಬೇಡವೇ?

ಗಂಡಿನ ಜನನಾಂಗ ಬಿಡಿಸಿ ನೋಡಿದೆ. ಜಾತಿ ತೀರ್ಮಾನವಾಗುವುದು ಹೆಚ್ಚಾಗಿ ಅದರಿಂದಲೇ. ಕಳ್ಳಕವಟಗಿಯದರ ತುದಿ ತುಸು ಡೊಂಕು. ಬೇರೆ ಜಾತಿಯೇ. ಚಹಾ ಕುಡಿದು ಬಂದು ನೋಡಿದೆ. ಎರಡೂ ಒಂದೇ. ಕನ್ನಡಕ ಒರೆಸಿ ನೋಡಿದೆ. ಬೇರೆ.

ನಾಳೆ ನೋಡಿದರಾಯಿತು.

ಜುಲೈ 11

ಬೇರೆಯೇ. ಇವತ್ತು ಹತ್ತರಲ್ಲಿ ಎಂಟು ಸಲ ಬೇರೆ ಕಂಡಿತು.

ಹೆಸರೂ ಸಿದ್ಧವಿದೆ. ಯಾರಿಗೂ ಹೇಳಿಲ್ಲ. ನನ್ನ ಗೈಡ್ ಸತೀಶಕುಮಾರ ಸರ್ ಮುಂದಿನ ಜೂನ್ ಮೂವತ್ತಕ್ಕೆ ನಿವೃತ್ತಿ. ಮೂವತ್ತನಾಲ್ಕು ವರ್ಷ ಜೀರುಂಡೆಯ ಬೆನ್ನು ಹತ್ತಿದವರು. ಜಿಲ್ಲೆಯ ಜೀರುಂಡೆಗಳ ಪಟ್ಟಿ ಮಾಡಿದವರು, ನನಗೆ ಸೂಜಿ ಹಿಡಿಯುವುದರಿಂದ ಕಲಿಸಿದವರು. ಅವರ ಹೆಸರಿನ ಹುಳ ಒಂದೂ ಇಲ್ಲ. ಲ್ಯಾಟಿನ್ ನಿಯಮದ ಪ್ರಕಾರ ಗಂಡಸಿನ ಹೆಸರಿನ ಕೊನೆಗೆ ‘ಇ’ ಸೇರಿ ‘ಸತೀಶಕುಮಾರಿ’ ಆಗುತ್ತದೆ, ಅದಕ್ಕೆ ನಾನೇನು ಮಾಡಲಿ. ನಗುತ್ತಾರೆ. ನಗಲಿ.

ಲೇಖನ ನಾನೊಬ್ಬಳೇ ಬರೆಯಬೇಕು. ತಮ್ಮ ಹೆಸರಿನ ಹುಳದ ಲೇಖನಕ್ಕೆ ಅವರೇ ಸಹಿ ಹಾಕಿದರೆ ಚೆನ್ನಾಗಿರುವುದಿಲ್ಲ. ಅದೂ ಅಲ್ಲದೆ, ತೋರಿಸಿದರೆ ಗುಟ್ಟು ಎಲ್ಲಿ ಉಳಿಯಿತು?

ಆಗಸ್ಟ್ 4, ರವಿವಾರ

ಕಳ್ಳಕವಟಗಿ. ಪೀರಾಂಬಿ ಅವ್ವನ ದ್ರಾಕ್ಷಿ ಪಡ, ಅಂದರೆ ತೋಟ. ನನ್ನ ಕೊಂಬಿನವು ಸಿಕ್ಕಿದ್ದೆಲ್ಲ ಇವರ ತಿಪ್ಪೆಯಲ್ಲೇ. ಹೋದಾಗ ಅವರ ಮಗ ಆರಿಫ ಟ್ರ್ಯಾಕ್ಟರಿನಿಂದ ಗೊಬ್ಬರ ಇಳಿಸುತ್ತಿದ್ದ.

ಸುಮ್ಮನೆ ಕೇಳಿದೆ. "ಎಲ್ಲಿಂದ ತರಿಸೀರಿ ಅವ್ವ?"

"ನಿಡೋಣಿಂದ ಬೇ. ಪಡ ಹಚ್ಚಿದಾಗಿಂದ ಅಲ್ಲಿಂದನ ಹೇರಕೊಂಡು ಬರ್ತಾನ ಇಂವಾ."

"ವರ್ಷಾನೂ ರೀ?"

"ವರ್ಷಾನೂ. ಆದ್ರ ಬರೇ ಅದನ್ನ ಹಾಕಿದ್ರ ಬಳ್ಳಿ ಏಳಂಗಿಲ್ಲ. ಅಲ್ಲಿ ಮಂದಿ ಚೊಲೊ ಶೆಗಣಿ ಎಲ್ಲಾ ಕುಳ್ಳು ತಟ್ಟಾಕ ತಗೊಂಡಿರ್ತಾರ. ತಿಪ್ಯಾಗ ಬೂದಿ, ಮಣ್ಣು ಉಳದಿರ್ತದ. ನಾ ಕುರಿ ಹಿಕ್ಕಿ ಕಲಸ್ತೀನಿ, ಮಣೂಕ ಶೆಡ್ಡಿನ ಕಸಾ ಕಲಸ್ತೀನಿ. ಆಮ್ಯಾಲ ನೋಡು ಅದರ ತಾಕತ್ತು."

ಟ್ರೇಲರಿನ ಗೊಬ್ಬರ ಕೆದಕಿದೆ. ಅಕ್ಕಿ ಕಾಳಿನಷ್ಟು ಬಿಳಿ ಮರಿಗಳು. ಗೊಣ್ಣೆ ಹುಳ. ನಿಡೋಣಿಯವು.

ಅಂದರೆ ಮರಿ ಅಲ್ಲಿಯದು, ಬೆಳೆಯುವುದು ಇಲ್ಲಿ, ಮಣೂಕದ, ಅಂದರೆ ಒಣದ್ರಾಕ್ಷಿಯ, ಕಸ ತಿಂದು. ಹಾಗಾದರೆ ಕೊಂಬು... ಇಲ್ಲ. ಕಳ್ಳಕವಟಗಿಗೆ ತನ್ನದೇ ಹುಳ ಇರಬಾರದೇನು? ಇರಬಹುದು.

ಬಸ್ಸಿನಲ್ಲಿ ಟಿಕೋಟಾ ದಾಟಿದ್ದೇ ತಿಳಿಯಲಿಲ್ಲ.

ಆಗಸ್ಟ್ 7

ಎರಡು ಪ್ಲಾಸ್ಟಿಕ್ ಟಬ್ಬು. ನಿಡೋಣಿಯ ಒಂದೇ ತಿಪ್ಪೆಯಿಂದ ನಲವತ್ತು ಮರಿ ತಂದೆ. ಇಪ್ಪತ್ತಕ್ಕೆ ಪೀರಾಂಬಿ ಅವ್ವನ ಗೊಬ್ಬರ — ಮೂರು ಸಲ ಜರಡಿ ಹಿಡಿದದ್ದು, ಅದರಲ್ಲಿ ಬೇರೆ ಮರಿ ಉಳಿಯಬಾರದಲ್ಲ. ಇಪ್ಪತ್ತಕ್ಕೆ ನಿಡೋಣಿಯ ಬೂದಿ-ಮಣ್ಣು. ಮುಂದಿನ ಮಳೆಗಾಲಕ್ಕೆ ಜೀರುಂಡೆಯಾಗಿ ಏಳುತ್ತವೆ. ಮೊದಲ ಟಬ್ಬಿನಲ್ಲಿ ಕೊಂಬು ಬಂದರೆ ಅದು ತಿಂದದ್ದರಿಂದಲೇ, ಎಲ್ಲ ಮುಗಿಯಿತು. ಬರಲಿಕ್ಕಿಲ್ಲ.

ಸೆಪ್ಟೆಂಬರ್ 19

ಲೇಖನ ಕಳಿಸಿಬಿಟ್ಟೆ.

ಟಬ್ಬಿಗೆ ಕಾದರೆ ಸರ್ ನಿವೃತ್ತಿ ದಾಟಿಹೋಗುತ್ತದೆ. ಪರಿಶೀಲನೆಗೇ ಐದಾರು ತಿಂಗಳು, ಅಚ್ಚಾಗಲು ಇನ್ನೂ ಮೂರು. ಅಷ್ಟರಲ್ಲಿ ಗೊತ್ತಾಗುತ್ತದೆ, ಬೇಕಾದರೆ ಹಿಂದೆ ತಗೊಳ್ಳಬಹುದು. ಟಬ್ಬಿನ ವಿಷಯ ಬರೆಯಲಿಲ್ಲ. ಬರೆಯದಿರುವುದು ಸುಳ್ಳಲ್ಲ. ಸುಳ್ಳಲ್ಲವಾದರೆ ಮತ್ತೇನು ಅಂತ ನನ್ನನ್ನೇ ಕೇಳುತ್ತಿದ್ದೇನೆ.

ಜನವರಿ 22, 2025

ಪರಿಶೀಲಕರ ಪ್ರಶ್ನೆ: ಕೊಂಬಿನ ವ್ಯತ್ಯಾಸ ಆಹಾರದಿಂದ ಬಂದದ್ದಿರಬಹುದೇ?

ಉತ್ತರ ಬರೆದೆ. ನಿಡೋಣಿಯ ಅರವತ್ತಮೂರರಲ್ಲಿ ಒಂದಕ್ಕೂ ಕೊಂಬಿಲ್ಲ, ನಡುವಿನ ರೂಪ ಸಿಕ್ಕಿಲ್ಲ. ಅಕ್ಷರ ಅಕ್ಷರವೂ ನಿಜ. ಕಳಿಸಿದ ಮೇಲೆ ಟಬ್ಬು ತೆರೆದು ನೋಡಿದೆ. ಮಣೂಕದ ಟಬ್ಬಿನ ಮರಿಗಳು ಹೆಬ್ಬೆರಳು ದಪ್ಪ ಆಗಿವೆ. ಇನ್ನೊಂದರವು ಕಿರುಬೆರಳು. ಮುಚ್ಚಳ ಹಾಕಿ ಬಂದೆ.

ಮಾರ್ಚ್ 28

ಲೇಖನ ಒಪ್ಪಿದ್ದಾರೆ. ಖುಷಿ ಆಗಿದೆ. ಖುಷಿಯೇ ಇರಬೇಕು ಇದು.

ಸರ್ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು. "ಏನವಾ ಶೈಲಾ, ಮಾರಿ ಹಿಂಗ್ಯಾಕ? ಆರಾಮ ಅದಿಯಿಲ್ಲ?"

ಆರಾಮ ಇದ್ದೇನೆ ಅಂದೆ.

ಜೂನ್ 12, ಬೆಳಿಗ್ಗೆ 6.40

ಮಣೂಕದ ಟಬ್ಬಿನಲ್ಲಿ ಮಣ್ಣು ಎದ್ದಿತ್ತು. ಎರಡು ಹೆಣ್ಣು. ಒಂದು ಗಂಡು.

ಕೊಂಬು ಇದೆ.

ಹಿಂದಕ್ಕೆ ಬಾಗಿದೆ. ಬೆಳಕಿಗೆ ಹಿಡಿದೆ. ಇದೆ. ಜರಡಿಯಲ್ಲಿ ಒಂದು ಮರಿ ತಪ್ಪಿಸಿಕೊಂಡಿತ್ತೇನೋ. ಒಂದು ತಾನೇ.

ಜೂನ್ 14

ಮಣೂಕದ ಟಬ್ಬು: ಗಂಡು ಏಳು, ಏಳಕ್ಕೂ ಕೊಂಬು. ಬೂದಿಯ ಟಬ್ಬು: ಗಂಡು ಐದು, ಐದಕ್ಕೂ ಗುಬುಟು. ಜರಡಿಯಲ್ಲಿ ಏಳು ತಪ್ಪಿಸಿಕೊಳ್ಳುತ್ತವೆಯೇ? ಹೋದ ವರ್ಷದ ಕಳ್ಳಕವಟಗಿಯದರ ಜನನಾಂಗ ಬಿಸಿನೀರಿನಲ್ಲಿ ನೆನೆಹಾಕಿದೆ. ತುದಿಯ ಡೊಂಕು ಹೋಯಿತು. ಒಣಗುವಾಗ ಮುದುಡಿದ್ದು. ಒಂದು ವರ್ಷ ನಾನು ನೋಡಿದ್ದು ಅದನ್ನು.

ಅಚ್ಚಿನ ಕರಡು ಬಂದು ಕೂತಿದೆ. ಒಪ್ಪಿಗೆ ಕೊಡಲು ಹದಿನಾರು ಕೊನೆಯ ದಿನ. ಒಂದು ಬಟನ್ ಒತ್ತಿದರೆ ಸಾಕು. ಟಬ್ಬಿನ ಮಣ್ಣು ಹೊರಗೆ ಚೆಲ್ಲಿದರೆ ಯಾರಿಗೆ ಗೊತ್ತಾಗುತ್ತದೆ? ನಾಳೆ ಸರ್ ಮನೆಗೆ ಹೋಗುತ್ತೇನೆ. ಹೇಳಲಿಕ್ಕೋ, ಸುಮ್ಮನೆ ತೋರಿಸಲಿಕ್ಕೋ — ಗೊತ್ತಿಲ್ಲ.

ಜೂನ್ 15, ರವಿವಾರ

ಸೊಲ್ಲಾಪುರ ರಸ್ತೆಯವರೆಗೆ ಆಟೋ. ಕಾಲಸಂದಿಯಲ್ಲಿ ಎರಡು ಟಬ್ಬು, ಕೈಯಲ್ಲಿ ಹೋದ ವರ್ಷದ ಜೀರುಂಡೆಗಳ ಡಬ್ಬಿ. ಸರ್‌ಗೆ ಟ್ರ್ಯಾಕ್ಟರಿನ ಕಥೆ ಹೇಳಿದೆ, ಮಣೂಕದ ಕಥೆ ಹೇಳಿದೆ. ಲೇಖನದ ಕಥೆ ಬಾಯಿಗೆ ಬಂದು ನಿಂತಿತು.

ಸರ್ ಒಂದು ತಾಸು ಲೆನ್ಸ್ ಬಿಡಲಿಲ್ಲ. ಆಮೇಲೆ ಹೆಂಡತಿಯನ್ನು ಕರೆದರು. "ರೇಣುಕಾ, ಬಾ ಇಲ್ಲೆ. ಹುಡುಗಿ ಏನ ಮಾಡ್ಯಾಳ ನೋಡು. ಎರಡೂ ಒಂದ ಜಾತಿ. ಮಣೂಕ ತಿಂದದ್ದಕ್ಕ ಕೊಂಬ ಬಂದೈತಿ." ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿಯೇ ಇರಲಿಲ್ಲ. "ಮೂವತ್ತನೇ ತಾರೀಖಿಗೆ ಹಾರ ಶಾಲು ಬ್ಯಾಡಂತ ಹೇಳೇನಿ ಶೈಲಾ. ಅವತ್ತ ನೀ ಎದ್ದು ಇದನ್ನ ಹೇಳು. ನಂಗ ಅಷ್ಟ ಸಾಕು."

ಹೋಲಿಸಿ ನೋಡಲು ಹಳೆಯ ಡಬ್ಬಿ ತೆರೆದರು. ಹೊಸ ಜಾತಿಯ ಮೂಲ ಮಾದರಿಗೆ ಸೂಜಿಯಲ್ಲೇ, ಜಾತಿಯ ಹೆಸರು ಬರೆದ ಕೆಂಪು ಚೀಟಿ ಚುಚ್ಚುವುದು ಪದ್ಧತಿ. ಹೋದ ವರ್ಷ ನಾನೇ ಚುಚ್ಚಿದ್ದೆ. ತೆಗೆಯಲು ನೆನಪಾಗಿರಲಿಲ್ಲ.

ಸೂಜಿ ತಿರುಗಿಸಿದರು. ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

"ಕಳಿಸೀದಿ?"

"ಹೂಂ ರೀ ಸರ್. ಕರಡು ಬಂದದ. ನಾಳಿಗೆ ಕಡೀ ದಿನ."

ರೇಣುಕಾ ಅಮ್ಮ ಒಳಗೆ ಹೋದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಜೀರುಂಡೆಗೆ ನೋವಾದೀತು ಎನ್ನುವ ಹಾಗೆ ಚಿಮಟದಿಂದ ಮೆಲ್ಲಗೆ ಆ ಚೀಟಿ ಬಿಡಿಸಿದರು. ಸೂಜಿಯ ತೂತು ಬಿಟ್ಟರೆ ಚೀಟಿಗೆ ಏನೂ ಆಗಿರಲಿಲ್ಲ.

"ಹುಳ ನೀ ಒಯ್ಯಿ," ಅಂದರು. "ಇದನ್ನ ನಾ ಇಟ್ಕೊಳ್ಳೇನು?"

ನಾನು ತಲೆಯಾಡಿಸಿದೆ. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಜೂನ್ 16, ಬೆಳಿಗ್ಗೆ 7

ಸಂಪಾದಕರಿಗೆ ಬರೆಯುತ್ತಿದ್ದೇನೆ. ಲೇಖನ ಹಿಂದಕ್ಕೆ. ಟಬ್ಬಿನ ವಿಷಯ ಆಗಸ್ಟಿನಿಂದ ಮುಚ್ಚಿಟ್ಟದ್ದನ್ನೂ ಬರೆದಿದ್ದೇನೆ. ಅಲ್ಲಿಗೆ ಮುಗಿಸಬಹುದು. ಆ ದೂರದ ಸಂಪಾದಕರಿಗೆ ಸರ್ ಯಾರೋ ಏನೋ. ಆದರೂ ಇನ್ನೊಂದು ಸಾಲು ಬರೆದು ಅಳಿಸಿದೆ, ಮತ್ತೆ ಬರೆಯುತ್ತಿದ್ದೇನೆ — ಮಾನ್ಯರೇ, ಜೀರುಂಡೆ ಹೊಸದಲ್ಲ. ಆದರೆ ಆ ಹೆಸರಿನ ಮನುಷ್ಯರು ನನಗೆ ಸೂಜಿ ಹಿಡಿಯುವುದರಿಂದ ಕಲಿಸಿದವರು.